ಪೇತ್ರನ ಉತ್ತರದಲ್ಲಿದ್ದದ್ದು ಬರೀ ಗೆಳೆತನವೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಶಿಷ್ಯ ಪೇತ್ರನನ್ನು ಮೂರು ಸಲ ಕೇಳುತ್ತಾನೆ. ಮೊದಲ ಎರಡು ಸಲ ಕೇಳಿದ್ದು ಅಗಾಪೆ, ಅಂದರೆ ದೇವರ ನಿಸ್ವಾರ್ಥ ಪ್ರೀತಿ. ಪೇತ್ರ ಕೊಟ್ಟದ್ದು ಫಿಲಿಯಾ, ಬರೀ ಗೆಳೆತನ ಎಂದು ನಮ್ಮ ಸಭೆಯಲ್ಲಿ ಬೋಧಿಸಿದರು. ಮೊಬೈಲ್ ಆಪ್‌ನಲ್ಲಿ ಸ್ಟ್ರಾಂಗ್ ನಂಬರ್ ಒತ್ತಿದರೂ ಹಾಗೇ ಕಾಣುತ್ತದೆ. ಗ್ರೀಕ್ ಬಾರದ ನಾನು ಇದನ್ನು ಪರೀಕ್ಷಿಸುವುದು ಹೇಗೆ?

ಸಂಪಾದಕರ ಉತ್ತರ: ಆ ಆಪ್ ಸಾಕು, ಆದರೆ ಬೇರೆ ಕಡೆ ಒತ್ತಬೇಕು. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಹೊರತಂದದ್ದು ಮುಖ್ಯವಾಗಿ ಒಂದು ಪದಸೂಚಿ. ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನ ಪದಗಳು ಎಲ್ಲೆಲ್ಲಿ ಬರುತ್ತವೆ, ಅವುಗಳ ಹಿಂದೆ ಯಾವ ಹೀಬ್ರೂ ಅಥವಾ ಗ್ರೀಕ್ ಪದವಿದೆ ಎಂದು ತೋರಿಸಲು ಆ ನಂಬರುಗಳು. ಜೊತೆಗಿರುವ ಅರ್ಥ ತೀರಾ ಚುಟುಕು. ನಾವು ಆ ಎರಡು ಸಾಲು ಓದಿ ಸುಮ್ನಾಗುತ್ತೇವೆ. ಪದ ಬರುವ ಎಲ್ಲ ವಚನಗಳ ಪಟ್ಟಿಯನ್ನು ತೆರೆಯುವುದೇ ಇಲ್ಲ.

ತೆರೆಯಿರಿ. ಅಗಾಪೆಯ ಕ್ರಿಯಾಪದ ಅಗಪಾವೋ, ಅದರ ನಂಬರ್ 25. ಫಿಲಿಯಾದ್ದು ಫಿಲೆಯೋ, 5368. ಯೋಹಾನ 3:35ರಲ್ಲಿ ತಂದೆ ಮಗನನ್ನು ಪ್ರೀತಿಸುತ್ತಾನೆ, ಅಲ್ಲಿರುವುದು 25. ಯೋಹಾನ 5:20ರಲ್ಲೂ ಅದೇ ತಂದೆ, ಅದೇ ಮಗ. ಪದ ಮಾತ್ರ 5368. ಅಷ್ಟರಲ್ಲಿ ದೇವರ ಪ್ರೀತಿ ಗೆಳೆತನದ ಮಟ್ಟಕ್ಕೆ ಇಳಿಯಿತೇ? ಜನ ಬೆಳಕಿಗಿಂತ ಕತ್ತಲೆಯನ್ನು ಪ್ರೀತಿಸಿದರು ಎನ್ನುವಲ್ಲಿ (ಯೋಹಾನ 3:19) ಇರುವುದು 25. ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟು ಹೋದ (2 ತಿಮೊಥೆಯ 4:10), ಅಲ್ಲೂ 25. ಇನ್ನೂ ಕಟುವಾದ ಸಾಕ್ಷಿ ಸೆಪ್ಟುಅಜಿಂಟ್‌ನಲ್ಲಿದೆ. ಅದು ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದ. 2 ಸಮುವೇಲ 13ರಲ್ಲಿ ಅಮ್ನೋನ ಮಲತಂಗಿ ತಾಮಾರಳನ್ನು ಬಲಾತ್ಕರಿಸುತ್ತಾನೆ. ಆಮೇಲೆ ಅವಳ ಮೇಲೆ ಹುಟ್ಟಿದ ದ್ವೇಷ ಮೊದಲಿದ್ದ ಪ್ರೀತಿಗಿಂತ ಜಾಸ್ತಿಯಾಗಿತ್ತು ಎಂಬ ಮಾತಿದೆ. ಆ ‘ಪ್ರೀತಿ’ಗೂ ಅಲ್ಲಿ ಅಗಾಪೆ ಎಂದೇ ಬರೆದಿದೆ. ನಿಸ್ವಾರ್ಥವಂತೆ!

ಈಗ ಯೋಹಾನ 21ಕ್ಕೆ ಬನ್ನಿ. ಅಲ್ಲಿ ಬದಲಾಗುವುದು ಪ್ರೀತಿಯ ಪದವೊಂದೇ ಅಲ್ಲ. ಒಮ್ಮೆ ಕುರಿಮರಿ, ಒಮ್ಮೆ ಕುರಿ. ಒಮ್ಮೆ ಮೇಯಿಸು, ಒಮ್ಮೆ ಕಾಯಿ. ‘ನೀನು ಬಲ್ಲೆ’ ಎನ್ನುವುದಕ್ಕೂ ಎರಡು ಕ್ರಿಯಾಪದಗಳು. ಇವಕ್ಕೆಲ್ಲ ಒಳಾರ್ಥ ಹುಡುಕದವರು ಪ್ರೀತಿಗೆ ಮಾತ್ರ ಹುಡುಕುವುದೇಕೆ? ಮಾತಿಗೆ ಮಾತು ಬದಲಿಸುವುದು ಯೋಹಾನನ ಶೈಲಿ ಎಂದೇ ನನಗನಿಸುತ್ತದೆ. ವ್ಯತ್ಯಾಸ ಇದೆ ಎನ್ನುವ ಪಂಡಿತರೂ ಇದ್ದಾರೆ, ಅವರದ್ದು ತಳ್ಳಿಹಾಕುವಂಥ ವಾದವಲ್ಲ. ಆದರೆ ಅವರು ಅದನ್ನು ಈ ಸಂಭಾಷಣೆಯ ಓಟದಿಂದ ತೋರಿಸಬೇಕು, ನಿಘಂಟಿನ ಒಂದು ಸಾಲಿನಿಂದಲ್ಲ. ಪೇತ್ರ ನೊಂದದ್ದು ಯೇಸು ‘ಮೂರನೆಯ ಸಲ’ ಕೇಳಿದ್ದಕ್ಕೆ ಎಂದು ವಚನವೇ ಹೇಳುತ್ತದೆ. ಅವನು ಮೂರು ಸಲ ಯೇಸುವನ್ನು ಅರಿಯೆ ಎಂದಿದ್ದ, ಅಲ್ವಾ?

ಪದವನ್ನು ಒಡೆದು ಅರ್ಥ ತೆಗೆಯುವ ಚಟವೂ ಇದೆ. ಸಭೆಗೆ ಎಕ್ಲೇಸಿಯ ಎನ್ನುತ್ತಾರೆ. ಅದನ್ನು ಬಿಡಿಸಿದರೆ ‘ಹೊರಗೆ ಕರೆಯಲ್ಪಟ್ಟವರು’, ಅಂದರೆ ಲೋಕದಿಂದ ಬೇರ್ಪಟ್ಟವರು ಎಂದು ಬೋಧನೆ ಸಾಗುತ್ತದೆ. ಅಪೊಸ್ತಲರ ಕೃತ್ಯಗಳು 19 ಓದಿ. ಎಫೆಸದ ನಾಟಕಶಾಲೆಗೆ ನುಗ್ಗಿ ಅರ್ತೆಮಿ ದೇವಿಗೆ ಎರಡು ಗಂಟೆ ಜೈಕಾರ ಹಾಕಿದ ಗುಂಪಿಗೂ ಅದೇ ಪದ. ಹೆಚ್ಚಿನವರಿಗೆ ತಾವು ಯಾಕೆ ಸೇರಿದ್ದೇವೆ ಎಂದೇ ಗೊತ್ತಿರಲಿಲ್ಲವಂತೆ! ‘ಅವನು ಕೈಕೊಟ್ಟ’ ಎಂದರೆ ಹಸ್ತಲಾಘವ ಎಂದು ಯಾವ ಕನ್ನಡಿಗನೂ ತಿಳಿಯುವುದಿಲ್ಲವಲ್ಲ, ಹಾಗೆ. ಜೇಮ್ಸ್ ಬಾರ್ ಎಂಬ ವಿದ್ವಾಂಸ 1961ರಲ್ಲೇ ಈ ಚಟವನ್ನು ಖಂಡಿಸಿ ಪುಸ್ತಕ ಬರೆದ. ಗೆರ್ಹಾರ್ಡ್ ಕಿಟ್ಟೆಲ್ ಸಂಪಾದಿಸಿದ, ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ದೊಡ್ಡ ನಿಘಂಟೂ ಅವನ ಟೀಕೆಗೆ ಸಿಕ್ಕಿತು. (ಇವರು ನಮ್ಮ ಕನ್ನಡ ನಿಘಂಟಿನ ಕಿಟ್ಟೆಲ್ ಅಲ್ಲ.)

ಬೇರು ಅಗೆಯಲೇಬೇಕಾದ ಪದಗಳೂ ಕೆಲವಿವೆ. ಕರ್ತನ ಪ್ರಾರ್ಥನೆಯಲ್ಲಿ ‘ಅನುದಿನದ’ ಆಹಾರ ಎನ್ನುವಲ್ಲಿ ಗ್ರೀಕಿನಲ್ಲಿ ಎಪಿಯೂಸಿಯೋಸ್ ಎಂದಿದೆ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಮತ್ತಾಯ 6:11 ಮತ್ತು ಲೂಕ 11:3ರಲ್ಲಿ ಮಾತ್ರ. ಗ್ರೀಕಿನಲ್ಲೇ ಬರೆಯುತ್ತಿದ್ದ 3ನೇ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್ ಕೂಡ ಇದು ಪಂಡಿತರ ಬರಹದಲ್ಲೂ ಇಲ್ಲ, ಜನರ ಮಾತಿನಲ್ಲೂ ಇಲ್ಲ ಎಂದ. ಹೋಲಿಸಲು ಬೇರೆ ವಾಕ್ಯಗಳೇ ಇಲ್ಲದ ಕಾರಣ ಪದವನ್ನು ಒಡೆದು ನೋಡುತ್ತಾರೆ. ‘ಇಂದಿನ’, ‘ನಾಳೆಯ’, ‘ಬದುಕಲು ಬೇಕಾದಷ್ಟು’ ಎಂದು ಚರ್ಚೆ ಇಂದಿಗೂ ನಡೆದೇ ಇದೆ.

ಗ್ರೀಕ್ ಕಲಿಯುವ ಮನಸ್ಸಿದ್ದರೆ ಯೋಹಾನನ ಸುವಾರ್ತೆಯಿಂದಲೇ ಶುರುಮಾಡಿ. ಸಣ್ಣ ವಾಕ್ಯಗಳು, ಮತ್ತೆ ಮತ್ತೆ ಬರುವ ಪದಗಳು. ಇಬ್ರಿಯರಿಗೆ ಬರೆದ ಪತ್ರದ ಗ್ರೀಕ್ ಕಷ್ಟ, ಅದನ್ನು ಆಮೇಲೆ ನೋಡಿಕೊಳ್ಳಿ.