ಮೂರು ವರ್ಷದ ನಂತರ ಸಿಪಿಡಿ ಎಷ್ಟು ಗಂಟೆ?

ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆಗಿ ಮೂರು ವರ್ಷ ಮುಗೀತು, ಇನ್ನು ವರ್ಷಕ್ಕೆ ಎಷ್ಟು ಗಂಟೆ ಸಿಪಿಡಿ, ಅಂದರೆ ವೃತ್ತಿಯಲ್ಲಿದ್ದುಕೊಂಡೇ ಪಡೆಯುವ ತರಬೇತಿ, ಕಡ್ಡಾಯ ಅಂತ ಕೇಳಿದ್ದೀರಿ. ಗಂಟೆ ಲೆಕ್ಕ ಬಿಟ್ಟುಬಿಡಿ. ಮೊದಲ ಮೂರು ವರ್ಷಕ್ಕೆ 45 ಗಂಟೆ, ಅದರಲ್ಲಿ 9 ವಾದಮಂಡನೆಗೆ, 3 ವೃತ್ತಿನೀತಿಗೆ ಅನ್ನೋದು ಹೊಸಬರ ಪಾಡು. ಹಳಬರಿಗಿದ್ದ ವರ್ಷಕ್ಕೆ 12 ಗಂಟೆಯ ನಿಯಮವನ್ನು ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್ 2017ರಲ್ಲೇ ತೆಗೆದುಹಾಕಿದೆ.

ಈಗ ವರ್ಷದ ಯೋಜನೆಯನ್ನು ನೀವೇ ಬರೆಯಬೇಕು. ಮಾಡಿದ್ದನ್ನು ದಾಖಲಿಸಿ, ಅದರಿಂದ ಏನು ದಕ್ಕಿತು ಅಂತ ಯೋಚಿಸಿ, ಪರವಾನಗಿ ನವೀಕರಣದ ಹೊತ್ತಿಗೆ ಸಿಪಿಡಿ ಮಾಡಿದ್ದೇನೆ ಅಂತ ಘೋಷಿಸಬೇಕು. ಕೇಳೋಕೆ ಸಲೀಸು. ಎಡವೋದು ಗುರಿ ಬರೆಯುವಾಗ. ‘ಸಾಕ್ಷ್ಯ ಕಾನೂನು ಓದಬೇಕು’ ಅಂದರೆ ಅದು ಗುರಿಯಲ್ಲ, ಹಾರೈಕೆ. ‘ತಜ್ಞವೈದ್ಯರ ಪಾಟಿ ಸವಾಲಿನಲ್ಲಿ ಅವರ ವರದಿಯ ಅಂಕಿಅಂಶ ಹಿಡಿದು ಪ್ರಶ್ನೆ ಕೇಳಲು ತಡವರಿಸಿದೆ, ಅದನ್ನು ಸರಿಪಡಿಸಿಕೊಳ್ಳಬೇಕು’ ಅಂತ ಬರೆಯಿರಿ. ಆಗ ಯಾವ ತರಬೇತಿಗೆ ಹೋಗಬೇಕು, ಯಾವುದಕ್ಕೆ ಬೇಡ ಅನ್ನೋದು ತಾನಾಗೇ ಗೊತ್ತಾಗುತ್ತೆ. ನಿಮ್ಮ ಇನ್‌ನಲ್ಲೂ (ನೀವು ಸದಸ್ಯರಾಗಿರುವ ಬ್ಯಾರಿಸ್ಟರ್‌ಗಳ ಸಂಘ) ವಾದಮಂಡನೆಯ ತರಬೇತಿ ಇರುತ್ತೆ, ವಿಚಾರಿಸಿ.

ವರ್ಷದ ನಡುವೆ ಕೆಲಸದ ದಿಕ್ಕು ಬದಲಾದರೆ ಗುರಿಯನ್ನೂ ಬದಲಿಸಬಹುದು, ಯಾಕೆ ಅಂತ ಒಂದು ಸಾಲು ಬರೆದಿಡಿ. ದಾಖಲೆಗಳನ್ನು ಮೂರು ವರ್ಷ ಎಸೆಯಬೇಡಿ, ಕೇಳಿದಾಗ ತೋರಿಸಬೇಕಾಗುತ್ತೆ.