ಕೊಲ್ಲುವ ಉದ್ದೇಶ ಸಾಬೀತಾದರೆ ಗಲ್ಲು ಖಚಿತವೇ?

ಬೇಕಂತಲೇ ಕೊಂದವನಿಗೆ ಗಲ್ಲು, ಉದ್ದೇಶವಿಲ್ಲದೆ ಕೊಂದವನಿಗೆ ಜೈಲು ಅಂತ ಒಂದು ಗೆರೆ ಎಳೆದುಬಿಡಬಾರದೇ ಎಂದು ಕೇಳಿದ್ದೀರಿ. ಕಾನೂನು ಓದುವ ಕಾಲಕ್ಕೆ ನನ್ನ ತಲೆಯಲ್ಲೂ ಇದೇ ಇತ್ತು. ಆದರೆ ನಮ್ಮ ಕಾನೂನು ಆ ಗೆರೆಯನ್ನು ಅಲ್ಲಿ ಎಳೆಯುವುದೇ ಇಲ್ಲ, ಎಳೆಯಲೂಬಾರದು.

ವಿರ್ಸಾ ಸಿಂಗ್ ಪ್ರಕರಣ ತೆಗೆದುಕೊಳ್ಳಿ. 1955, ಪಂಜಾಬ್. ಹೊಟ್ಟೆಗೆ ಭರ್ಜಿಯಿಂದ ಒಂದೇ ಇರಿತ. ಗಾಯದಿಂದ ಕರುಳು ಹೊರಬಂದಿತ್ತು. ಇರಿತಕ್ಕೊಳಗಾದವನು ಮರುದಿನ ಸಂಜೆ ಸತ್ತ. ಸಾವು ತರುವಷ್ಟು ದೊಡ್ಡ ಗಾಯ ಮಾಡುವ ಉದ್ದೇಶ ಆರೋಪಿಗಿರಲಿಲ್ಲ ಎಂಬುದು ಅವನ ಪರ ವಾದ. 1958ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಇದನ್ನು ಒಪ್ಪಲಿಲ್ಲ. ಆ ಜಾಗಕ್ಕೆ ಆ ಇರಿತ ಬೇಕಂತಲೇ ಬಿತ್ತೇ, ಅಥವಾ ಕೈತಪ್ಪಿ ಬಿತ್ತೇ? ಆರೋಪಿಯ ಮನಸ್ಸಿನ ಬಗ್ಗೆ ಕೇಳಬೇಕಾದ್ದು ಇಷ್ಟೇ. ಅಂಥ ಗಾಯ ಸಾಮಾನ್ಯವಾಗಿ ಪ್ರಾಣ ತೆಗೆಯುತ್ತದೆಯೇ ಎಂಬುದನ್ನು ವೈದ್ಯರ ಸಾಕ್ಷ್ಯ ನೋಡಿ ತೀರ್ಮಾನಿಸಬೇಕು. ಆರೋಪಿಗೆ ಅದು ಗೊತ್ತಿತ್ತೇ ಇಲ್ಲವೇ ಎಂಬುದು ಬೇಕಿಲ್ಲ. ಹೀಗೆ ಅದು ಕೊಲೆಯೇ ಆಯಿತು. ಆದರೂ ಶಿಕ್ಷೆ ಜೀವಾವಧಿ, ಗಲ್ಲಲ್ಲ.

ಎಡವುವುದು ಇಲ್ಲೇ. ಉದ್ದೇಶ ಯಾವ ಅಪರಾಧ ಅಂತ ಹೇಳುತ್ತದೆ, ಎಷ್ಟು ಶಿಕ್ಷೆ ಅಂತಲ್ಲ. ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಈಗಿನ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 101ರ ಪ್ರಕಾರ ಕೊಲೆ ಎಂದಾದರೆ ಸೆಕ್ಷನ್ 103ರಡಿ ಮರಣದಂಡನೆ ಅಥವಾ ಜೀವಾವಧಿ. ಕೊಲೆ ಎನಿಸದ ನರಹತ್ಯೆಯಾದರೆ ಸೆಕ್ಷನ್ 105. ಅದರಲ್ಲಿ ಗಲ್ಲಿನ ಮಾತೇ ಇಲ್ಲ. ಆದ್ದರಿಂದ ಕೊಲೆ ಎಂದು ತೀರ್ಪಾದ ಪ್ರತಿ ಪ್ರಕರಣದಲ್ಲೂ ಉದ್ದೇಶದ ಪ್ರಶ್ನೆ ಹೆಚ್ಚುಕಡಿಮೆ ಮುಗಿದೇ ಇರುತ್ತದೆ. ಅದನ್ನೇ ಮತ್ತೆ ಗಲ್ಲಿಗೆ ಕಾರಣ ಮಾಡಿದರೆ ಕೊಲೆಗಾರರೆಲ್ಲರಿಗೂ ಗಲ್ಲು ಎಂದಂತೆ. ಕೆಲವು ವಕೀಲರೂ ಇದನ್ನೇ ಮಾಡುತ್ತಾರೆ: ದೋಷಿ ಎಂದಾದ ಮೇಲೆ ಎಷ್ಟು ಶಿಕ್ಷೆ ಎಂಬ ವಿಚಾರಣೆ ಬಂದಾಗಲೂ ಅವನಿಗೆ ಉದ್ದೇಶ ಇರಲಿಲ್ಲ ಅಂತ ಹಳೇ ವಾದವನ್ನೇ ಹೂಡುತ್ತಾರೆ. ನ್ಯಾಯಾಧೀಶರು ಅದನ್ನು ಆಗಲೇ ತಳ್ಳಿಹಾಕಿರುತ್ತಾರೆ. ಆರೋಪಿಯ ಬದುಕಿನ ಬಗ್ಗೆ ಒಂದು ಕಾಗದವೂ ಕಡತ ಸೇರುವುದಿಲ್ಲ.

1955ರವರೆಗೆ ಕೊಲೆಗೆ ಗಲ್ಲು ಕೊಡದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ (ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನದ ಕಾನೂನು) ಅದನ್ನು ತಲೆಕೆಳಗು ಮಾಡಿತು: ಗಲ್ಲು ಕೊಡುವುದಾದರೆ ವಿಶೇಷ ಕಾರಣ ಬರೆಯಬೇಕು. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕಷ್ಟೇ ಅದನ್ನು ಸೀಮಿತಗೊಳಿಸಿ, ಕೃತ್ಯದ ಜೊತೆಗೆ ಮನುಷ್ಯನನ್ನೂ ನೋಡಬೇಕು, ಅವನು ತಿದ್ದಿಕೊಳ್ಳಲಾರ ಎಂಬುದನ್ನು ಸರ್ಕಾರವೇ ತೋರಿಸಬೇಕು ಎಂದಿತು. ಒಂದು ಕ್ಷಣದಲ್ಲಿ ಉದ್ದೇಶ ಎಷ್ಟು ಗಟ್ಟಿಯಿತ್ತು ಎಂಬುದರಿಂದ ಅವನು ತಿದ್ದಿಕೊಳ್ಳಬಲ್ಲನೇ ಎಂಬುದು ತಿಳಿಯುವುದೇ ಇಲ್ಲ. ನಿಮ್ಮ ಗೆರೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ನಿಮಗೆ ಗೊತ್ತಿರುವ ಯಾರದ್ದಾದರೂ ಪ್ರಕರಣ ನಡೆಯುತ್ತಿದ್ದರೆ, ತೀರ್ಪು ಬರುವ ಮೊದಲೇ ಶಾಲೆಯ ದಾಖಲೆ, ಚಿಕಿತ್ಸೆಯ ಚೀಟಿಗಳು, ಮನೆಯ ಪರಿಸ್ಥಿತಿ ಹೇಳುವ ಪ್ರಮಾಣಪತ್ರಗಳನ್ನು ಒಟ್ಟುಮಾಡಿ. ಜೈಲಿನ ನಡತೆಯ ವರದಿ, ಮಾನಸಿಕ ತಪಾಸಣೆಯ ವರದಿ ತರಿಸುವಂತೆ ವಕೀಲರು ಅರ್ಜಿ ಹಾಕಲಿ. 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವನ್ನು ವಿಚಾರಣಾ ಹಂತದಲ್ಲೇ ಸಂಗ್ರಹಿಸಬೇಕು ಎಂದಿದೆ. ದೋಷಿ ಎಂದ ದಿನವೇ ಶಿಕ್ಷೆಯ ವಾದ ಶುರುವಾದರೆ ಕಾಲಾವಕಾಶ ಕೇಳಿ. ಸೆಷನ್ಸ್ ಕೋರ್ಟ್ ಗಲ್ಲು ಕೊಟ್ಟರೂ ಹೈಕೋರ್ಟ್ ದೃಢಪಡಿಸುವ ತನಕ ಅದು ಜಾರಿಯಾಗದು. ಈ ಕಾಗದಗಳನ್ನು ಅಲ್ಲಿಯೂ ಸಲ್ಲಿಸಿ.