ಕಲ್ಲು ಎಲ್ಲಿಗೆ ಮುಗಿಯಿತು, ಊಹೆ ಎಲ್ಲಿಂದ ಶುರುವಾಯಿತು?

ಆತ್ಮೀಯರೇ,

‘ಕನ್ನಡಕದೊಳಗಿನ ಹಂಪಿ’ ಎಂದು ನಮ್ಮ ಪತ್ರಿಕೆಗೆ ನೀವು ಬರೆದು ಕಳಿಸಿದ ಪ್ರಬಂಧ ಕೈಸೇರಿ ಹದಿನೈದು ದಿನವಾಯಿತು. ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಬರೆದು ಮುಗಿಸುತ್ತೇನೆ. ಇದಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಮೂರು ಸಲ ಓದಿದೆ. ಮೂರು ಸಲವೂ ಒಂದೇ ಜಾಗದಲ್ಲಿ ಸಿಟ್ಟು ಬಂತು, ಒಂದೇ ಜಾಗದಲ್ಲಿ ಕಣ್ಣು ಒದ್ದೆಯಾಯಿತು. ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯಲು ನೀವು ಒಪ್ಪಿದಿರಿ, ಹೆಸರು ಮಾತ್ರ ಬೇಡ ಎಂದಿರಿ. ಹಾಗೇ ಆಗಲಿ.

ಪ್ರಬಂಧ ಓದದವರಿಗಾಗಿ ಅದರ ಸಾರ ಇಷ್ಟು. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಲೇಖಕಿ ವಿಆರ್ ಹೆಡ್‌ಸೆಟ್ (ಕಂಪ್ಯೂಟರಿನಲ್ಲಿ ಕಟ್ಟಿದ ಲೋಕವನ್ನು ಸುತ್ತಲೂ ತೋರಿಸುವ ಕನ್ನಡಕ) ಹಾಕಿಕೊಂಡು ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಇಪ್ಪತ್ತು ನಿಮಿಷ ಓಡಾಡುತ್ತಾರೆ. ಹೊಸಪೇಟೆ ಕಡೆಯವರಾದ ಅಜ್ಜಿಯೂ ಜೊತೆಗಿರುತ್ತಾರೆ. ಆಮೇಲೆ ಏಪ್ರಿಲ್ ತಿಂಗಳಲ್ಲಿ ಲೇಖಕಿ ನಿಜವಾದ ಹಂಪಿಗೆ ಹೋಗಿಬರುತ್ತಾರೆ. ‘ತಂತ್ರಜ್ಞಾನವೇ ಇನ್ನು ನಮ್ಮ ಪರಂಪರೆಯ ಕಾವಲುಗಾರ’ ಎನ್ನುವಲ್ಲಿಗೆ ಪ್ರಬಂಧ ಮುಗಿಯುತ್ತದೆ.

ನಿಮ್ಮ ಕನ್ನಡ ತಿಳಿಯಾಗಿದೆ. ವಾಕ್ಯ ಉದ್ದವಾದರೂ ಎಲ್ಲೂ ಎಡವುವುದಿಲ್ಲ. ಹೆಡ್‌ಸೆಟ್ಟಿನಲ್ಲಿ ಕಂಡ ಕಂಬವನ್ನು ಮುಟ್ಟಹೋಗಿ ಕೈ ಬರೀ ಗಾಳಿ ಹಿಡಿದದ್ದು, ತಿಂಗಳ ನಂತರ ರಥಬೀದಿಯ ಕಂಬ ಮಧ್ಯಾಹ್ನದ ಬಿಸಿಲಲ್ಲಿ ಅಂಗೈ ಸುಟ್ಟದ್ದು, ಎರಡನ್ನೂ ಅಕ್ಕಪಕ್ಕ ಇಟ್ಟದ್ದು ಚೆನ್ನಾಗಿದೆ. ಇನ್ನು ನನ್ನ ತಕರಾರಿಗೆ ಬರುತ್ತೇನೆ.

ಮೊದಲ ಪ್ಯಾರಾದಲ್ಲೇ ಇದೆ: ‘ಕನ್ನಡಕ ಹಾಕಿಕೊಂಡ ಕ್ಷಣವೇ ಐದು ಶತಮಾನ ಕರಗಿಹೋಯಿತು. ನಾನು ಅಕ್ಷರಶಃ ಕೃಷ್ಣದೇವರಾಯನ ಕಾಲದಲ್ಲಿ ನಿಂತಿದ್ದೆ.’

‘ಅಕ್ಷರಶಃ’ ಎಂಬ ಪದ ನಿಮ್ಮ ಪ್ರಬಂಧದಲ್ಲಿ ಏಳು ಸಲ ಬರುತ್ತದೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಒಂದೊಂದು ಅಕ್ಷರಕ್ಕೂ ಸರಿಯಾಗಿ, ಅಕ್ಷರ ಬಿಡದೆ ಎಂದು ಅದರ ಅರ್ಥ. ನೀವು ನಿಂತದ್ದು ಒಂದು ಹವಾನಿಯಂತ್ರಿತ ಹಾಲಿನಲ್ಲಿ, ಕಾಲಡಿಗೆ ರಬ್ಬರ್ ಚಾಪೆ ಇತ್ತು ಎಂದು ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. ನಿಮಗೆ ಹಾಗೆ ಅನ್ನಿಸಿತು ಎಂದರೆ ನಂಬುತ್ತೇನೆ, ಸಂತೋಷವನ್ನೂ ಪಡುತ್ತೇನೆ. ‘ಅಕ್ಷರಶಃ’ ಎಂದಾಗ ಮಾತ್ರ ಅಕ್ಷರ ತೋರಿಸಿ ಎಂದು ಕೇಳಬೇಕಾಗುತ್ತದೆ.

ಮುಂದಿನ ಸಾಲು: ‘ಎದುರಿಗೆ ಕಲ್ಲಿನ ರಥ, ಅಂದು ಹೇಗಿತ್ತೋ ಹಾಗೆಯೇ. ಎರಡು ಆನೆಗಳು ಅದನ್ನು ಎಳೆಯುತ್ತ ನಿಂತಿವೆ.’

ನನ್ನ ಪೆನ್ಸಿಲ್ ಮುರಿದದ್ದು ಇಲ್ಲೇ. ಆ ಆನೆಗಳು ರಥದ ಜೊತೆ ಹುಟ್ಟಿದವಲ್ಲ. ಆಮೇಲೆ ಯಾವಾಗಲೋ ತಂದು ನಿಲ್ಲಿಸಿದವು. ಮೊದಲು ಅಲ್ಲಿದ್ದದ್ದು ಕುದುರೆಗಳು. ಮುಂದಿನ ಸಲ ಹೋದಾಗ ಆನೆಗಳ ಬೆನ್ನ ಹಿಂದೆ, ರಥಕ್ಕೆ ಅಂಟಿಕೊಂಡ ಕಲ್ಲನ್ನು ಬಗ್ಗಿ ನೋಡಿ. ಕುದುರೆಯ ಹಿಂಗಾಲು, ಬಾಲ ಉಳಿದುಕೊಂಡಿವೆ. ರಥದ ನೆತ್ತಿಯನ್ನೂ ನೋಡಿ, ಈಗ ಅದು ಬೋಳು. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ತೆಗೆದ ಫೋಟೊದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ಅಂದರೆ ನೀವು ಹೆಡ್‌ಸೆಟ್ಟಿನಲ್ಲಿ ಕಂಡದ್ದು ಇವತ್ತಿನ ರಥ, 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಮೇಲಿರುವ ರಥ. ಅದರ ಸುತ್ತ ಹದಿನಾರನೇ ಶತಮಾನದ ಜನರನ್ನು ನಿಲ್ಲಿಸಿದ್ದಾರೆ.

ಆಮೇಲೆ: ‘ರಥದ ತುಂಬ ಕೆಂಪು, ಚಿನ್ನ, ಕಣ್ಣು ಕೋರೈಸುವ ನೀಲಿ.’ ಕೆತ್ತನೆಯ ಸಂದುಗೊಂದುಗಳಲ್ಲಿ ಹಳೆಯ ಬಣ್ಣದ ಕುರುಹು ಇರುವುದು ನಿಜ. ಆದರೆ ಕುರುಹು ಬೇರೆ, ಮೇಲಿಂದ ಕೆಳಗಿನವರೆಗೆ ಬಳಿದ ಬಣ್ಣ ಬೇರೆ. ಆ ನೀಲಿಯನ್ನು ಯಾರು ಆರಿಸಿದರು, ಯಾವ ಆಧಾರ ಇಟ್ಟುಕೊಂಡು ಆರಿಸಿದರು? ಪ್ರದರ್ಶನ ಮಾಡಿದವರು ಪಕ್ಕದಲ್ಲೇ ನಿಂತಿದ್ದರು, ನಿಮ್ಮ ತಲೆಗೆ ಪಟ್ಟಿ ಬಿಗಿದವರೂ ಅವರೇ. ಒಂದು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕಿತ್ತು.

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತದೆ ಎಂದು ಹೇಳಿಬಿಡುತ್ತೇನೆ.

ಇಪ್ಪತ್ಮೂರನೇ ವಯಸ್ಸಿನಲ್ಲಿ ನಾನು ಒಬ್ಬ ಶಾಸನತಜ್ಞರ ಹಿಂದೆ ಚೀಲ ಹೊತ್ತುಕೊಂಡು ಊರೂರು ಸುತ್ತುತ್ತಿದ್ದೆ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ನಾನೂ ಹಾಗೇ. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಹುಲ್ಲಿನ ಬಣವೆಯ ಹಿಂದೆ ವೀರಗಲ್ಲೊಂದು ಸಿಕ್ಕಿತು. ತೆಂಗಿನ ನಾರಿನಿಂದ ಪಾಚಿ ಉಜ್ಜಿ ತೆಗೆದೆವು. ಕಲ್ಲು ತೋಯಿಸಿ, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಕ್ಕೆ ಕಾಗದ ಇಳಿಸಿದೆವು. ಅರೆ ಒಣಗಿದ ಮೇಲೆ ಮಸಿಯ ಗಂಟು ಒತ್ತಿದೆವು. ಅಕ್ಷರ ಬಿಳಿಯಾಗಿ, ಕಲ್ಲಿನ ಮೈ ಕಪ್ಪಾಗಿ ಎದ್ದು ಬಂತು. ಪಡಿಯಚ್ಚು ತೆಗೆಯುವುದು ಅಂದರೆ ಇದು. ತುರು, ಅಂದರೆ ಊರಿನ ದನ, ಬಿಡಿಸಲು ಹೋರಾಡಿ ಸತ್ತವನ ಕಲ್ಲು. ಹೆಸರಿನಲ್ಲಿ ‘ಮಾ’ ಇತ್ತು, ಕೊನೆಗೆ ‘ಯ್ಯ’ ಇತ್ತು, ನಡುವಿನ ಅಕ್ಷರ ಸವೆದುಹೋಗಿತ್ತು. ನಾನು ‘ಮಾರಯ್ಯ’ ಎಂದು ಬರೆದುಕೊಂಡೆ. ನಮಗೆ ಮಜ್ಜಿಗೆ ತಂದುಕೊಟ್ಟ ರೈತನ ಹೆಸರೂ ಮಾರಯ್ಯ. ಉತ್ಸಾಹದಲ್ಲಿ ಅವನಿಗೂ ಹೇಳಿಬಿಟ್ಟೆ.

ಸಂಜೆ ಮೇಷ್ಟ್ರು ನನ್ನ ಪುಸ್ತಕ ತಿರುವಿದರು. “ಈ ‘ರ’ ನಿನಗೆ ಕಾಣ್ತಾ?” ಎಂದರು. “ಇಲ್ಲ ಮೇಷ್ಟ್ರೇ, ಅಂದಾಜಿಗೆ ಹಾಕಿದೆ.” “ಮತ್ತೆ ಕಂಸ ಎಲ್ಲಪ್ಪ?” ಎಂದು ಆ ಒಂದು ಅಕ್ಷರದ ಎರಡೂ ಬದಿಗೆ ಕೆಂಪು ಪೆನ್ನಿನಲ್ಲಿ ಚೌಕ ಕಂಸ ಹಾಕಿದರು. ಶಾಸನ ಓದುವವರ ಪದ್ಧತಿ ಅದು. ಸವೆದ ಅಕ್ಷರವನ್ನು ಊಹಿಸಿ ಓದಿದರೆ ಚೌಕ ಕಂಸದೊಳಗೆ, ಪೂರ್ತಿ ಅಳಿಸಿಹೋಗಿದ್ದರೆ ಬರೀ ಚುಕ್ಕಿ. ಓದುವವನಿಗೆ ಕಲ್ಲು ಹೇಳಿದ್ದೆಷ್ಟು, ಪಂಡಿತ ಸೇರಿಸಿದ್ದೆಷ್ಟು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಮರುದಿನ ಬೆಳಿಗ್ಗೆ ಆರೂವರೆಗೆ ಓರೆ ಬಿಸಿಲು ಬಿದ್ದಾಗ ಮತ್ತೆ ಕಲ್ಲಿನ ಮುಂದೆ ಕೂತೆವು. ಅಕ್ಷರ ಕಂಡಿತು. ಅದು ‘ಚ’. ಮಾಚಯ್ಯ. ಅಷ್ಟರಲ್ಲಿ ಮಾರಯ್ಯ ಆ ಕಲ್ಲು ತನ್ನ ವಂಶದ ಹಿರಿಯನದು ಎಂದು ಊರಿಗೆಲ್ಲ ಹೇಳಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಹೋಗಿದ್ದ. ಅವನ ಮನೆಗೆ ಹೋಗಿ ಅಲ್ಲವೆಂದು ಹೇಳುವ ಕೆಲಸವನ್ನು ಮೇಷ್ಟ್ರು ನನಗೇ ಬಿಟ್ಟರು. ಜಗಲಿಯ ಮೇಲೆ ಕೂತು ಕೇಳಿಸಿಕೊಂಡ ಅವನ ಮುಖ ಇವತ್ತಿಗೂ ಮರೆತಿಲ್ಲ.

ನಾನು ಹೊಸ ಉಪಕರಣಗಳ ವಿರೋಧಿ ಎಂದು ದಯವಿಟ್ಟು ತಿಳಿಯಬೇಡಿ. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ನಗರದ ಸುತ್ತಮುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡುತ್ತಿದ್ದಾರೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ ಕಿತ್ತಯ್ಯನ ವೀರಗಲ್ಲು, ಗಂಗರ ದೊರೆ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಅಂಥ ಕಲ್ಲಿನ ಸ್ಕ್ಯಾನನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದು ಬೆಳಕನ್ನು ಎಡದಿಂದ ಬಲಕ್ಕೆ ತಿರುಗಿಸಬಹುದು. ನಾವು ಒಂದು ರಾತ್ರಿ ಕಾದು ಹಿಡಿದ ಓರೆ ಬಿಸಿಲು ಈಗ ಬೆರಳ ತುದಿಯಲ್ಲಿದೆ. ಮೊದಲ ಸಲ ಹಾಗೆ ಬೆಳಕು ತಿರುಗಿಸಿ ನೋಡಿದ ದಿನ ನನಗೆ ಮೇಷ್ಟ್ರು ಇರಬೇಕಿತ್ತು ಅನ್ನಿಸಿತು. ರಸ್ತೆ ಅಗಲ ಮಾಡುವಾಗ ಕಲ್ಲೇ ಕಾಣೆಯಾಗುವ ಊರುಗಳಲ್ಲಿ ಆ ಸ್ಕ್ಯಾನಿನ ಬೆಲೆ ಎಷ್ಟೆಂದು ನಾನು ಬಲ್ಲೆ.

ಹಾಗಾಗಿಯೇ ಕೇಳುವುದು, ಹೆಡ್‌ಸೆಟ್ಟಿನೊಳಗೆ ಕಂಸ ಎಲ್ಲಿದೆ?

ಫೋಟೊಗಳಿಂದಲೇ 3ಡಿ ರೂಪ ಕಟ್ಟುವ ವಿಧಾನಕ್ಕೆ ಫೋಟೊಗ್ರಾಮೆಟ್ರಿ ಎನ್ನುತ್ತಾರೆ. ಅದು ಕೆಲಸ ಮಾಡುವ ಬಗೆ ಸರಳ. ಒಂದು ಕಂಬವನ್ನು ಎಲ್ಲ ಕಡೆಯಿಂದ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ, ನೂರಾರು ಫೋಟೊ ತೆಗೆಯುತ್ತಾರೆ. ಒಂದೇ ಚುಕ್ಕೆ ಬೇರೆ ಬೇರೆ ಫೋಟೊಗಳಲ್ಲಿ ಎಲ್ಲೆಲ್ಲಿ ಬಿದ್ದಿದೆ ಎಂದು ಹೋಲಿಸಿ ಅದರ ಜಾಗವನ್ನು ತಂತ್ರಾಂಶ ಲೆಕ್ಕ ಹಾಕುತ್ತದೆ. ಕ್ಯಾಮೆರಾ ಕಾಣದ ಕಡೆ, ಕಂಬದ ನೆತ್ತಿ, ಗೋಡೆಗೆ ಒತ್ತಿಕೊಂಡ ಹಿಂಬದಿ, ಇಂಥಲ್ಲೆಲ್ಲ ತೂತು ಉಳಿಯುತ್ತದೆ. ಆ ತೂತು ಮುಚ್ಚಲು ಒಂದು ಗುಂಡಿ ಇದೆ. ಒತ್ತಿದರೆ ಸುತ್ತಲಿನ ಮೈಯನ್ನೇ ಎಳೆದು ನುಣ್ಣಗೆ ಮುಚ್ಚಿಬಿಡುತ್ತದೆ. ನೋಡುವವರಿಗೆ ಗುರುತೇ ಸಿಗುವುದಿಲ್ಲ. ನಾನು ಬರೆದ ‘ರ’ ಅದೇ ಥರದ್ದು.

ಈ ಅಪಾಯ ಆ ಕ್ಷೇತ್ರದವರಿಗೆ ಗೊತ್ತಿಲ್ಲದ್ದೇನಲ್ಲ. 2006ರಲ್ಲಿ ರೂಪುಗೊಂಡು 2009ರಲ್ಲಿ ಪರಿಷ್ಕಾರವಾದ ಲಂಡನ್ ಚಾರ್ಟರ್, ಪರಂಪರೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವವರಿಗಾಗಿ ಮಾಡಿದ ಮಾರ್ಗಸೂಚಿ, ಇದನ್ನೇ ಹೇಳುತ್ತದೆ: ಯಾವುದು ಸಾಕ್ಷ್ಯ, ಯಾವುದು ಊಹೆ ಎಂದು ನೋಡುಗರಿಗೆ ತಿಳಿಯಬೇಕು, ಆ ತೀರ್ಮಾನಗಳಿಗೆ ಹೇಗೆ ಬಂದರು ಎಂಬುದೂ ದಾಖಲಾಗಬೇಕು. ಊಹಿಸಿದ ಭಾಗವನ್ನು ಬೇರೆ ಬಣ್ಣದಲ್ಲಿ, ಅರೆಪಾರದರ್ಶಕವಾಗಿ ತೋರಿಸುವ ದಾರಿಗಳಿವೆ. ನೀವು ನೋಡಿದ ಪ್ರದರ್ಶನದಲ್ಲಿ ಹಾಗೇನಾದರೂ ಇತ್ತೇ? ಇದ್ದರೆ ಬರೆಯಿರಿ. ಇಲ್ಲದಿದ್ದರೆ ಇಲ್ಲವೆಂದು ಬರೆಯಿರಿ. ಅವರು ಕಂಸ ಹಾಕದೆ ಬಿಟ್ಟ ಕಡೆ ಬರಹಗಾರ್ತಿಯಾದ ನೀವು ಹಾಕಬೇಕಿತ್ತು. ನೀವು ಅದಕ್ಕೆ ಬದಲು ‘ಅಂದು ಹೇಗಿತ್ತೋ ಹಾಗೆಯೇ’ ಎಂದು ಮೊಹರು ಒತ್ತಿದಿರಿ. ನಾಳೆ ನಿಮ್ಮ ಪ್ರಬಂಧ ಓದಿದ ಒಬ್ಬ ಶಾಲಾ ಹುಡುಗ ವಿಠ್ಠಲನ ರಥಕ್ಕೆ ಆನೆ ಕಟ್ಟಿದ್ದರು ಎಂದು ಪರೀಕ್ಷೆಯಲ್ಲಿ ಬರೆಯುತ್ತಾನೆ.

ನನ್ನ ಎರಡನೆಯ ತಕರಾರು ಒಂದೇ ವಾಕ್ಯದ ಮೇಲೆ. ಒಂಬತ್ತನೇ ಪ್ಯಾರಾದಲ್ಲಿದೆ: ‘ಇಂಥ ಪ್ರಯೋಗಗಳನ್ನು ಕಂಡು ಸ್ಥಳೀಯರೂ ಮೂಕವಿಸ್ಮಿತರಾಗುತ್ತಾರೆ.’

ಯಾವ ಸ್ಥಳೀಯರು? ತಳವಾರಘಟ್ಟದಲ್ಲಿ ಹರಿಗೋಲು ಹಾಕುವವರೋ? ಕಮಲಾಪುರದಿಂದ ಬಂದು ಎಳನೀರು ಕೊಚ್ಚಿಕೊಡುವವರೋ? ನೀವು ಹಂಪಿಯಲ್ಲಿ ಎರಡು ದಿನ ಇದ್ದಿರಿ, ಒಬ್ಬರ ಮಾತೂ ಪ್ರಬಂಧದಲ್ಲಿಲ್ಲ. ವಿರೂಪಾಕ್ಷ ಗುಡಿಯ ಎದುರಿನ ಬಜಾರನ್ನು ನೀವು ‘ನಿರ್ಜನ, ಗಂಭೀರ’ ಎಂದು ಬಣ್ಣಿಸಿದ್ದೀರಿ. ಆ ಮಂಟಪಗಳ ಸಾಲಿನಲ್ಲಿ ಸಂಸಾರಗಳಿದ್ದವು, ಅಂಗಡಿ, ಖಾನಾವಳಿ ಇದ್ದವು. 2011ರ ಜುಲೈಯಲ್ಲಿ ತೆರವು ಮಾಡಿದರು. ಆ ಜನಕ್ಕೆ ಕಡ್ಡಿರಾಂಪುರದ ಬಳಿ ಜಾಗ ಕೊಟ್ಟರು. ಸ್ಮಾರಕ ಉಳಿಸಲು ಅದು ಬೇಕಿತ್ತು ಎನ್ನುವವರಿದ್ದಾರೆ, ಅನ್ಯಾಯ ಎನ್ನುವವರಿದ್ದಾರೆ, ನೀವು ಯಾವ ಪಕ್ಷ ಹಿಡಿದರೂ ಸರಿ. ಆದರೆ ಮೊನ್ನೆ ಮೊನ್ನೆ ತನಕ ಒಲೆ ಹೊತ್ತುತ್ತಿದ್ದ ಜಾಗವನ್ನು ಐನೂರು ವರ್ಷದಿಂದ ಖಾಲಿ ಬಿದ್ದ ಹಾಗೆ ಬರೆಯಬೇಡಿ. ವಾಸ್ತುವನ್ನು ಸ್ಕ್ಯಾನ್ ಮಾಡುವವರಿಗೆ ಜನ ಅಡ್ಡ ಬರುತ್ತಾರೆ, ಬೆಳಗಿನ ಜಾವ ಯಾರೂ ಇಲ್ಲದಾಗಲೇ ಫೋಟೊ ತೆಗೆಯುತ್ತಾರೆ. ಬರೆಯುವವರಿಗೆ ಆ ಕಷ್ಟ ಇಲ್ಲವಲ್ಲ.

ಈಗ ನನ್ನ ಕಣ್ಣು ಒದ್ದೆಯಾದ ಜಾಗ. ಹನ್ನೊಂದನೇ ಪ್ಯಾರಾ, ಮೂರೇ ಮೂರು ವಾಕ್ಯ. ಹೆಡ್‌ಸೆಟ್ ಹಾಕಿಸಿಕೊಳ್ಳುವ ಮೊದಲು ನಿಮ್ಮ ಅಜ್ಜಿ ಚಪ್ಪಲಿ ಬಿಟ್ಟರು. ಗುಡಿಗೆ ಹೋಗುತ್ತಿದ್ದೇವೆ ಎಂದು ಯಾರೋ ಹೇಳಿದ್ದರು, ಅವರು ಚಪ್ಪಲಿ ಬಿಟ್ಟರು. ಹೆಡ್‌ಸೆಟ್ ಹಾಕಿಸಿಕೊಂಡ ಮೇಲೆ ಸುತ್ತಲೂ ನೋಡಿ “ಮರ ಎಲ್ಲೈತೆ?” ಎಂದರು. ಅಲ್ಲಿಗೆ ನೀವು ಅಜ್ಜಿಯನ್ನು ಬಿಟ್ಟು ಪಿಕ್ಸೆಲ್ ಲೆಕ್ಕಕ್ಕೆ ಹೋದಿರಿ.

ಅವರು ಕೇಳಿದ್ದು ವಿಠ್ಠಲ ಗುಡಿಯ ಅಂಗಳದ ಹಳೆಯ ದೇವಕಣಗಿಲೆ ಮರ ಇರಬೇಕು. ಅದರ ಮೂಲ ಅಮೆರಿಕ ಖಂಡ, ಕೃಷ್ಣದೇವರಾಯನ ಅಂಗಳದಲ್ಲಿ ಅದು ಇರಲಾರದು. ಪ್ರದರ್ಶನದವರು ಮರ ತೆಗೆದದ್ದು ಸರಿಯೇ. ಮರವನ್ನು ತೆಗೆಯುವಷ್ಟು ಯೋಚಿಸಿದವರು ಆನೆಗಳನ್ನು ಯಾಕೆ ಬಿಟ್ಟರು? ಗೋಪುರವನ್ನು ಯಾಕೆ ಏರಿಸಲಿಲ್ಲ? ಅಜ್ಜಿಯ ಹಂಪಿಯಿಂದ ಮರ ಹೋಯಿತು, ರಾಯರ ಹಂಪಿಗೆ ಕುದುರೆ ಬರಲಿಲ್ಲ. ನಿಮ್ಮ ಪ್ರಬಂಧ ಇರುವುದು ಇಲ್ಲಿ. ಉಳಿದ ಹದಿನಾಲ್ಕು ಪ್ಯಾರಾಗಳಲ್ಲಿ ನನಗೆ ಬೇಕಾದದ್ದು ಆ ಕಂಬ ಮತ್ತು ಬಿಸಿಲು ಮಾತ್ರ.

ಆದ್ದರಿಂದ ಪ್ರಬಂಧವನ್ನು ಈಗಿರುವಂತೆ ಪ್ರಕಟಿಸುವುದಿಲ್ಲ. ತಿರಸ್ಕರಿಸುತ್ತಲೂ ಇಲ್ಲ. ಮತ್ತೆ ಬರೆದು ಕಳಿಸಿ, ನಾನು ಕಾಯುತ್ತೇನೆ. ಪ್ರದರ್ಶನದವರಿಗೆ ಪತ್ರ ಬರೆದು ಮೂರು ವಿಷಯ ಕೇಳಿ: ಎಷ್ಟು ಭಾಗ ಅಳತೆ ಮಾಡಿದ್ದು, ಎಷ್ಟು ಕೈಯಿಂದ ಕಟ್ಟಿದ್ದು, ಬಣ್ಣಕ್ಕೆ ಆಧಾರ ಏನು. ಉತ್ತರ ಬರದಿದ್ದರೆ ಬರಲಿಲ್ಲವೆಂದು ಬರೆದರಾಯಿತು. ಗ್ರೀನ್‌ಲಾ ತೆಗೆದ ಆ ಫೋಟೊ ಹುಡುಕಿ ನೋಡಿ. ‘ಅಕ್ಷರಶಃ’ ಏಳೂ ಕಡೆ ಹೊಡೆದುಹಾಕಿ.

ಅದಕ್ಕೂ ಮೊದಲು ಅಜ್ಜಿಯ ಹತ್ತಿರ ಹೋಗಿ ಕೂತುಕೊಳ್ಳಿ. ಆ ಮರದ ಕೆಳಗೆ ಅವರು ಯಾವಾಗ, ಯಾರ ಜೊತೆ ಕೂತಿದ್ದರು, ಬುತ್ತಿಯಲ್ಲಿ ಏನಿತ್ತು, ಹೊಸಪೇಟೆಯಿಂದ ನಡೆದು ಬಂದಿದ್ದರೋ ಬಂಡಿಯಲ್ಲೋ ಕೇಳಿ. ಅವರಾಡುವ ಮಾತನ್ನು ಗ್ರಾಂಥಿಕಕ್ಕೆ ತಿದ್ದದೆ, ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ. ಕೇಳಿಸದ ಮಾತಿಗೆ ಚುಕ್ಕಿ ಇಡಿ. ಅವರು ಒಪ್ಪಿದರೆ ಹೆಸರನ್ನೂ ಹಾಕಿ.

ವಿಶ್ವಾಸದಿಂದ,
ಸಂಪಾದಕ